ಮುಂಜಾನೆ ಬಿಗಿಯುವ ಬೆರಳುಗಳೂ ಇಪ್ಪತ್ತೊಂದನೆಯ ವರ್ಷವೂ

ಹೋದ ಸಂಚಿಕೆಯಲ್ಲಿ ಭವಿಷ್ಯನಿಧಿಯ ಹಣವನ್ನು ನಡುವೆ ತೆಗೆಯುವ ಕ್ರಮವನ್ನು ಬರೆದಿದ್ದೆ. ಈ ಸಲ ಗ್ರಾಚ್ಯುಟಿಯ ಲೆಕ್ಕವನ್ನು ಬಿಡಿಸಿ ಹೇಳುವುದಾಗಿ ಮಾತು ಕೊಟ್ಟದ್ದುಂಟು. ವಾಚಕರು ಕ್ಷಮಿಸಬೇಕು. ಅದನ್ನು ಮುಂದಕ್ಕೆ ಹಾಕಿ, ನಮ್ಮ ಕಾಮಗಾರರ ಮನೆಗಳಲ್ಲಿ ಓದುತ್ತಿರುವ ಮಕ್ಕಳಿಗೆ ಸಂಬಂಧಪಟ್ಟ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಗ್ರಾಚ್ಯುಟಿ ಒಂದು ತಿಂಗಳು ಕಾಯಬಲ್ಲದು, ಇದು ಕಾಯುವಂಥದಲ್ಲ.

ನಮ್ಮ ವಾಚನಾಲಯದ ಬೀಗವನ್ನು ರವಿವಾರ ಮುಂಜಾನೆ ಎಂಟು ಗಂಟೆಗೆ ತೆಗೆಯುವ ಕೆಲಸ ಒಬ್ಬ ವಿದ್ಯಾರ್ಥಿಯದು. ಬಿ.ಕಾಂ. ಕೊನೆಯ ವರ್ಷ. ತಂದೆ ಇಲ್ಲಿಯ ಒಂದು ಗಿರಣಿಯ ಬಣ್ಣದ ಖಾತೆಯಲ್ಲಿದ್ದಾರೆ, ಬಾಗಲಕೋಟೆಯ ಕಡೆಯವರು. ಮಳೆಗಾಲ ಮುಗಿಯುತ್ತ ಬಂದಾಗ ಒಂದು ರವಿವಾರ ನಾನು ಬರುವ ಹೊತ್ತಿಗೆ ಹುಡುಗ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದ. ಪಕ್ಕದ ಚಹದಂಗಡಿಯವರು ಬೀಗ ತೆಗೆಯುತ್ತಿದ್ದರು. ಏನೆಂದು ಕೇಳಿದೆ. "ಏನಿಲ್ರಿ ಅಣ್ಣಾ, ಮುಂಜಾನೆ ಬೆರಳ ಮಡಚಾಕ ಬರೂದಿಲ್ಲ. ಹತ್ತು ಹೊಡದ ಮ್ಯಾಲ ತಾವಾ ಸಡ್ಲ ಆಗ್ತಾವು" ಎಂದ. ಎರಡೂ ಕೈಗಳಲ್ಲಿ ಬೆರಳ ಬುಡದ ಗೆಣ್ಣುಗಳು ಊದಿಕೊಂಡಿದ್ದವು. ಎಷ್ಟು ದಿನದಿಂದ ಹೀಗೆ ಎಂದರೆ, ಎಂಟು ವಾರ ಎಂದ.

ಆಗ ನನ್ನ ತಲೆಯಲ್ಲಿ ಎರಡು ಲೆಕ್ಕಗಳು ಒಟ್ಟಿಗೇ ಎದ್ದವು. ಒಂದು ಆ ಬೆರಳುಗಳದು. ಇನ್ನೊಂದು, ಹಾಜರಿ ಬರೆಯುವ ಗುಮಾಸ್ತನಾದ್ದರಿಂದ ತಾನಾಗಿ ಹೊಳೆದದ್ದು: ಹಿಂದೊಮ್ಮೆ ಅವನ ತಂದೆಯ ಇ.ಎಸ್.ಐ. ಕುಟುಂಬ ಪತ್ರಕವನ್ನು ತುಂಬಿಕೊಟ್ಟವನು ನಾನೇ. ಹುಡುಗನಿಗೆ ಬರುವ ಫೆಬ್ರವರಿಯಲ್ಲಿ ಇಪ್ಪತ್ತೊಂದು ತುಂಬುತ್ತದೆ, ಅಲ್ಲಿಗೆ ತಂದೆಯ ಕಾರ್ಡಿನ ಮೇಲೆ ಅವನಿಗೆ ಔಷಧೋಪಚಾರ ನಿಲ್ಲುತ್ತದೆ. ನಮ್ಮ ಕೈಯಲ್ಲಿ ಉಳಿದದ್ದು ನಾಲ್ಕು ತಿಂಗಳು ಚಿಲ್ಲರೆ ದಿನ.

ನಾನು ವೈದ್ಯನಲ್ಲ, ಮ್ಯಾಟ್ರಿಕ್ ಮಾಡಿದ ಗುಮಾಸ್ತ. ಕೆಳಗೆ ಬರೆದದ್ದು ದವಾಖಾನೆಯ ಬಾಕಿನ ಮೇಲೆ ಅವನೊಡನೆ ಕೂತು, ಡಾಕ್ಟರರನ್ನು ಕೇಳಿ, ಆಮೇಲೆ ಓದಿ ತಾಳೆ ನೋಡಿದ್ದು.

ಸಂಧಿವಾತವೆಂದರೆ ಮುದುಕರ ಮೊಣಕಾಲು ನೋವು ಎಂದೇ ನಮ್ಮಲ್ಲಿ ತಿಳುವಳಿಕೆ. ಅದು ಸವೆತದಿಂದ ಬರುವ ನೋವು. ದಿನವೆಲ್ಲ ನಿಂತು ದುಡಿದರೆ ಸಂಜೆಗೆ ಹೆಚ್ಚುತ್ತದೆ, ಮಲಗಿ ಎದ್ದರೆ ಇಳಿಯುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬುದು ಬೇರೆ ಜಾತಿಯದು, ಅದರ ನಡೆ ತಲೆಕೆಳಗು. ಮಲಗಿ ಎದ್ದಾಗಲೇ ಹೆಚ್ಚು, ಕೈ ಆಡಿದಂತೆ ಕಡಮೆ. ರೋಗಗಳೊಡನೆ ಹೋರಾಡಬೇಕಾದ ಮೈಯ ಕಾವಲು ಶಕ್ತಿಯೇ ದಾರಿ ತಪ್ಪಿ ಸಂದುಗಳ ಒಳಪೊರೆಯ ಮೇಲೆ ಏರಿ ಹೋಗುತ್ತದೆ. ಪೊರೆ ಊದುತ್ತದೆ, ದಪ್ಪವಾಗುತ್ತದೆ, ಬರಬರುತ್ತ ಪಕ್ಕದ ಎಲುಬನ್ನು ಕೊರೆಯುತ್ತದೆ. ೧೮೫೯ರಲ್ಲಿ ಗ್ಯಾರಡ್ ಎಂಬ ಇಂಗ್ಲಿಷ್ ವೈದ್ಯರು ಇದಕ್ಕೆ ಈ ಹೆಸರಿಟ್ಟರು. ನಮ್ಮ ಆಯುರ್ವೇದದವರು ಆಮವಾತವೆಂದು ಹೇಳುವ ಲಕ್ಷಣಗಳು ಬಹುಮಟ್ಟಿಗೆ ಇದಕ್ಕೆ ಹೋಲುತ್ತವೆ. ನೂರರಲ್ಲಿಯೋ ಇನ್ನೂರರಲ್ಲಿಯೋ ಒಬ್ಬರಿಗೆ ಬರುವಂಥದು. ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ನಡುವಯಸ್ಸಿನಲ್ಲಿ ಹೆಚ್ಚಾಗಿ ಕಂಡರೂ ಇಪ್ಪತ್ತರ ಹುಡುಗರನ್ನು ಬಿಟ್ಟದ್ದಲ್ಲ. ಬೀಡಿ ಸಿಗರೇಟು ಸೇದುವವರಿಗೆ ಇದು ಬರುವ ಸಂಭವವೂ ಹೆಚ್ಚು, ಬಂದಮೇಲೆ ಔಷಧ ನಾಟುವುದೂ ಕಷ್ಟ.

ಸಂಶಯ ಪಡಬೇಕಾದದ್ದು ಯಾವಾಗ? ಕೈಕಾಲುಗಳ ಸಣ್ಣ ಸಂದುಗಳು, ಅಂದರೆ ಬೆರಳ ಬುಡ, ಬೆರಳ ನಡುಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ, ಎಡಕ್ಕೂ ಬಲಕ್ಕೂ ಜೋಡಿಯಾಗಿ ಊದಿದಾಗ; ಮುಂಜಾನೆಯ ಬಿಗಿತ ಅರ್ಧ ಗಂಟೆ ಒಂದು ಗಂಟೆ ದಾಟಿದಾಗ; ಆರು ವಾರ ಕಳೆದರೂ ಹೋಗದಿದ್ದಾಗ. ಸುಸ್ತು, ಸಣ್ಣ ಜ್ವರ, ಹಸಿವಿಲ್ಲದಿರುವುದು ಜೊತೆಗಿರಬಹುದು. ಹುಡುಗನ ಮನೆಯವರು ಅದನ್ನು ರಾತ್ರಿ ಓದಿದ್ದರ ಫಲವೆಂದು ತಿಳಿದಿದ್ದರು.

ಆದರೆ ಸಂಶಯವೇ ರೋಗವಲ್ಲ. ಮಳೆಗಾಲದಲ್ಲಿ ಚಿಕೂನ್‌ಗುನ್ಯ ಜ್ವರ ಬಂದು ಹೋದವರಿಗೆ ತಿಂಗಳುಗಟ್ಟಲೆ ಇದೇ ತರದ ನೋವು ಉಳಿಯುವುದುಂಟು. ಲೂಪಸ್ ಎಂಬ ಇನ್ನೊಂದು ರೋಗ ಹೀಗೆಯೇ ಶುರುವಾಗುತ್ತದೆ. ತರುಣ ಗಂಡಸರಿಗೆ ಸೊಂಟ ಬೆನ್ನು ಬಿಗಿಯುವ ಬೇರೆ ವಾತವುಂಟು. ಇವುಗಳಲ್ಲಿ ಯಾವುದೆಂದು ಬೇರ್ಪಡಿಸುವುದು ತಜ್ಞರ ಕೆಲಸ. ಇಲ್ಲಿ ಒಂದು ತಪ್ಪನ್ನು ನಮ್ಮ ಹುಡುಗನ ಮನೆಯವರು ಮಾಡಿದ್ದರು, ಬಹಳ ಜನ ಮಾಡುತ್ತಾರೆ. ಯಾರೋ ಹೇಳಿದರೆಂದು ಖಾಸಗಿ ಪ್ರಯೋಗಶಾಲೆಗೆ ಹೋಗಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಒಂದೇ ರಕ್ತ ಪರೀಕ್ಷೆ ಮಾಡಿಸಿದರು. "ನೆಗೆಟಿವ್" ಎಂದು ಬಂತು. ರೋಗವಿಲ್ಲವೆಂದು ನಿಶ್ಚಿಂತರಾದರು. ಈ ಪರೀಕ್ಷೆ ರೋಗವಿದ್ದವರಲ್ಲಿಯೂ ಇಲ್ಲವೆನ್ನಬಹುದು. ರೋಗವಿಲ್ಲದ ಎಷ್ಟೋ ಮಂದಿಯಲ್ಲಿ ಇದೆಯೆನ್ನಬಹುದು. ಆ್ಯಂಟಿ ಸಿ.ಸಿ.ಪಿ. ಎಂಬ ಇನ್ನೊಂದು ಪರೀಕ್ಷೆ ಹೆಚ್ಚು ನಂಬತಕ್ಕದ್ದು, ಆದರೆ ಅದೂ ತಾನೊಂದೇ ತೀರ್ಪು ಕೊಡಲಾರದು. ಉರಿಯೂತ ಎಷ್ಟಿದೆಯೆಂದು ತಿಳಿಯಲು ಇ.ಎಸ್.ಆರ್., ಸಿ.ಆರ್.ಪಿ. ಎಂಬ ಎರಡು ಪರೀಕ್ಷೆಗಳುಂಟು. ಎಕ್ಸ್‌ರೇಯಲ್ಲಿ ಮೊದಮೊದಲು ಏನೂ ಕಾಣದಿರುವುದೇ ಹೆಚ್ಚು. ಇವೆಲ್ಲವನ್ನೂ ಸಂದುಗಳ ಎಣಿಕೆಯೊಡನೆ ಸೇರಿಸಿ, ದಿನಗಳ ಲೆಕ್ಕವನ್ನೂ ಹಿಡಿದು ತಜ್ಞರು ನಿರ್ಣಯಿಸುತ್ತಾರೆ.

ಅವಸರ ಯಾಕೆ? ಎಲುಬು ಕೊರೆಯುವ ಕೆಲಸ ಮೊದಲ ಒಂದೆರಡು ವರ್ಷಗಳಲ್ಲಿಯೇ ಶುರುವಾಗಿಬಿಡುತ್ತದೆ, ಕೊರೆದ ಎಲುಬು ತಿರುಗಿ ತುಂಬುವುದಿಲ್ಲ. ಲಕ್ಷಣ ಕಂಡ ಮೂರು ತಿಂಗಳೊಳಗೆ ಸರಿಯಾದ ಔಷಧ ಹಿಡಿದವರು ಹೆಚ್ಚು ಚೆನ್ನಾಗಿ ಉಳಿಯುತ್ತಾರೆಂದು ವೈದ್ಯರು ಕಂಡುಕೊಂಡಿದ್ದಾರೆ. ನೋವಿನ ಗುಳಿಗೆ ನೋವನ್ನು ಇಳಿಸೀತು, ಕೊರೆತವನ್ನು ತಡೆಯದು. ಎರಡು ವರ್ಷ ನೋವಿನ ಗುಳಿಗೆ ನುಂಗುತ್ತ ಕಳೆದವನ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಧಕ್ಕೆ, ಬೆರಳು ಸೊಟ್ಟ, ಮೂರೂ ಆಗಬಹುದು.

ಈಗ ಕಾರ್ಡಿನ ಮಾತು. ೧೯೪೮ರ ಇ.ಎಸ್.ಐ. ಕಾಯಿದೆಯಲ್ಲಿ ಕುಟುಂಬವೆಂದರೆ ಯಾರು ಎಂದು ಬಿಡಿಸಿ ಹೇಳಿದೆ. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ಮಾತು ಹಾಗೆಯೇ ಬಂದಿದೆ. ಕಾಮಗಾರನ ಗಳಿಕೆಯ ಮೇಲೆಯೇ ಪೂರ್ತಿ ನಿಂತಿರುವ ಮಗ ಓದುತ್ತಿದ್ದರೆ ಇಪ್ಪತ್ತೊಂದು ತುಂಬುವ ತನಕ ಅವನಿಗೆ ಔಷಧೋಪಚಾರ ಉಂಟು. ಮದುವೆಯಾಗದ ಮಗಳಿಗೆ ಈ ವಯಸ್ಸಿನ ಕಟ್ಟಿಲ್ಲ. ಮೈಯ ಅಥವಾ ಮನಸ್ಸಿನ ಊನದಿಂದ ಅಶಕ್ತನಾದ ಮಗ ತಂದೆಯ ಮೇಲೆಯೇ ನಿಂತಿದ್ದರೆ, ಆ ಅಶಕ್ತತೆ ಇರುವ ತನಕ ಉಂಟು. ಕೊನೆಯ ಈ ವಾಕ್ಯವನ್ನು ಓದಿ ನಾನೂ ಆಸೆಪಟ್ಟೆ. ಆದರೆ ಮುಂಜಾನೆ ಬೆರಳು ಬಿಗಿದು ಮಧ್ಯಾಹ್ನ ಬರೆಯಬಲ್ಲ ಹುಡುಗನನ್ನು ಅಶಕ್ತನೆಂದು ಒಪ್ಪಿಸುವುದು ಸುಲಭವಲ್ಲ. ಒಪ್ಪಿಸಬೇಕಾಗದಿರಲಿ ಎಂದೇ ನಮ್ಮ ಓಡಾಟವೆಲ್ಲ.

ಕೇಂದ್ರ ಸರಕಾರದ ನೌಕರಿಯಲ್ಲಿರುವವರ ಸಿ.ಜಿ.ಎಚ್.ಎಸ್. ಕಾರ್ಡಿನಲ್ಲಿ ಮಗನಿಗೆ ಇಪ್ಪತ್ತೈದರ ತನಕ ಅವಕಾಶವುಂಟು, ನಡುವೆ ಗಳಿಸಲು ಶುರುಮಾಡಿದರೆ ಅಥವಾ ಮದುವೆಯಾದರೆ ಅಲ್ಲಿಗೇ ಮುಗಿಯಿತು.

ಹುಡುಗನ ತಂದೆಯ ಬಳಿ ಹೋಗಿ ವಿಷಯ ಹೇಳಿದಾಗ ಅವರು ಒಪ್ಪಲಿಲ್ಲ. "ತಮ್ಮಾ, ಇನ್ನ ನಾಕ ತಿಂಗಳಿಗೆ ಕಾರ್ಡ ಹೋಗ್ತದ. ಈಗ ಕಾಗದದ ಮ್ಯಾಲ ರೋಗದ ಹೆಸರ ಬರಸಿದ್ರ ಮುಂದ ಯಾವ ಕಂಪನಿ ಅವಗ ವಿಮಾ ಕೊಡ್ತದ? ನೌಕರಿಗೆ ಹ್ವಾದಾಗ ಮೆಡಿಕಲ್‌ನ್ಯಾಗ ಫೇಲ್ ಮಾಡಿದ್ರ?" ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನಮ್ಮಲ್ಲಿ ಬಹಳ ಮಂದಿ ಹೀಗೆಯೇ ಯೋಚಿಸುತ್ತಾರೆ, ಅದರಲ್ಲಿಯೂ ಹೆಣ್ಣುಮಕ್ಕಳ ವಿಷಯ ಬಂದಾಗ ಮದುವೆಯ ಅಂಜಿಕೆಯಿಂದ ರೋಗದ ಹೆಸರನ್ನೇ ಬಾಯಿಗೆ ತರುವುದಿಲ್ಲ. ಆದುದರಿಂದ ನಾನು ಅವರಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಖಾಸಗಿ ವಿಮಾ ಕಂಪನಿಗಳು ಮೊದಲೇ ಇದ್ದ ರೋಗಕ್ಕೆ ಕಾಯುವ ಅವಧಿಯನ್ನು ಇಡುತ್ತವೆ. ೨೦೨೪ರ ನಿಯಮದ ಮೇರೆಗೆ ಆ ಅವಧಿ ಮೂವತ್ತಾರು ತಿಂಗಳಿಗಿಂತ ಹೆಚ್ಚಿರಕೂಡದು. ರೋಗವನ್ನು ತಿಳಿಸಿ ಪಾಲಿಸಿ ಕೊಂಡವನಿಗೆ ಮೂರು ವರ್ಷದ ಮೇಲೆ ಅದಕ್ಕೂ ಹಣ ಸಿಗುತ್ತದೆ. ಕಂಪನಿ ಕೊಡುವುದಿಲ್ಲವೆಂದೂ ಅನ್ನಬಹುದು, ಹೆಚ್ಚು ಕಂತು ಕೇಳಲೂಬಹುದು, ಅದು ನಿಜ. ಆದರೆ ಮುಚ್ಚಿಟ್ಟವನು ಕ್ಲೇಮಿಗೆ ಹೋದ ದಿನ ಹಳೆಯ ಚೀಟಿ ಒಂದು ಹೊರಬಿದ್ದರೆ ಕ್ಲೇಮೂ ಹೋಯಿತು, ಪಾಲಿಸಿಯೂ ಹೋಗಬಹುದು. ಇದಕ್ಕಿಂತ ದೊಡ್ಡ ಮಾತು ಇನ್ನೊಂದುಂಟು. ಸಾಮಾನ್ಯ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಯಲ್ಲಿ ಮಲಗಿದರೆ. ಈ ರೋಗದ ಖರ್ಚು ಮಲಗಿದ್ದರದಲ್ಲ; ತಿಂಗಳ ಔಷಧ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ತಜ್ಞರ ಭೇಟಿ, ಇವುಗಳದು. ಅಂದಮೇಲೆ, ಸಿಕ್ಕರೂ ಹೆಚ್ಚು ಉಪಯೋಗಕ್ಕೆ ಬಾರದ ಪಾಲಿಸಿಯ ಆಸೆಗಾಗಿ ಈಗ ಕೈಯಲ್ಲಿರುವ ನಾಲ್ಕು ತಿಂಗಳನ್ನು ಬಿಡುವುದು ಯಾವ ಲೆಕ್ಕ? ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕಾರ್ಡನ್ನು ಟ್ರಂಕಿನಿಂದ ತೆಗೆದು ಕೊಟ್ಟರು.

ಮೊದಲು ದವಾಖಾನೆ. ಅಲ್ಲಿ ಮೂರು ಸಲ ಹೋಗಿ ಮೂರು ಸಲವೂ ನೋವಿನ ಗುಳಿಗೆ ಹಿಡಿದುಕೊಂಡು ಹುಡುಗ ಹಿಂದಿರುಗಿದ್ದ. ಸರತಿಯಲ್ಲಿ ನೂರು ಮಂದಿ, ಒಬ್ಬೊಬ್ಬರಿಗೆ ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಅವನು "ಕೈ ನೋವು" ಎಂದಷ್ಟೇ ಹೇಳುತ್ತಿದ್ದ. ಅದೂ ಹನ್ನೊಂದು ಗಂಟೆಗೆ, ಬೆರಳು ಸಡಲಿದ ಮೇಲೆ. ನಾಲ್ಕನೆಯ ಸಲ ಒಂದು ಚೀಟಿ ಬರೆದುಕೊಂಡು ಹೋದೆವು. ಎರಡೂ ಕೈ, ಎರಡೂ ಪಾದ, ಒಂಬತ್ತು ವಾರ, ಮುಂಜಾನೆ ಒಂದೂವರೆ ಗಂಟೆ ಬಿಗಿತ, ಗುಳಿಗೆ ತೆಗೆದುಕೊಂಡರೆ ಇಳಿಯುತ್ತದೆ, ಬಿಟ್ಟರೆ ಮರಳುತ್ತದೆ, ತಜ್ಞರಿಗೆ ಕಳಿಸಬೇಕೆಂದು ವಿನಂತಿ. ಇಷ್ಟೇ. ಜೊತೆಗೆ ಮುಂಜಾನೆ ಆರಕ್ಕೆ ಮೊಬೈಲಿನಲ್ಲಿ ತೆಗೆದ ಕೈಗಳ ಚಿತ್ರ. ಡಾಕ್ಟರರು ಓದಿದರು, ಗೆಣ್ಣುಗಳನ್ನು ಒತ್ತಿ ನೋಡಿದರು, ಅದೇ ದಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿತ್ತು, ಈಗ ಇಲ್ಲ. ಬರೆದುಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿಲ್ಲ. ದೂರು ಬರೆಯಲು ಮಾತ್ರ ಕಾಗದ ಹುಡುಕುತ್ತೇವೆ.

ದೊಡ್ಡ ಆಸ್ಪತ್ರೆಗೆ ಹೋದಾಗ ಎಲುಬಿನ ವಿಭಾಗದಲ್ಲಿಯೇ ನಿಂತುಬಿಡಬಾರದು. ಮುರಿದ ಎಲುಬಿಗೆ ಅವರು. ಈ ರೋಗಕ್ಕೆ ಮೆಡಿಸಿನ್ ವಿಭಾಗ, ಸಾಧ್ಯವಾದರೆ ಅದರಲ್ಲಿಯೂ ರುಮಟಾಲಜಿಯವರು. ಆ್ಯಂಟಿ ಸಿ.ಸಿ.ಪಿ. ಪರೀಕ್ಷೆಯಲ್ಲಿ ಹುಡುಗನಿಗೆ ಇದೆಯೆಂದು ಬಂತು. ತಜ್ಞರು ರೋಗದ ಹೆಸರನ್ನು ಬರೆದರು. ಅವನ ತಾಯಿ ಅತ್ತರು. ಹುಡುಗ ಮಾತ್ರ, ಹೆಸರು ತಿಳಿದದ್ದೇ ಒಂದು ಭಾರ ಇಳಿದಂತಾಯಿತೆಂದ.

ಔಷಧದ ವಿಷಯ ನಿಧಾನವಾಗಿ ಓದಬೇಕು. ಈ ರೋಗಕ್ಕೆ ಮೊದಲು ಕೊಡುವ ಮುಖ್ಯ ಔಷಧ ಮೆಥೋಟ್ರೆಕ್ಸೇಟ್. ಇದರ ಹುಟ್ಟಿನಲ್ಲಿ ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಕೈಯಿದೆ. ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ಅವರು ನಡೆಸಿದ ಸಂಶೋಧನೆಯಿಂದ ಈ ವರ್ಗದ ಔಷಧಗಳು ಬಂದವು, ಅವು ಮೊದಲು ಬಳಕೆಯಾದದ್ದು ರಕ್ತದ ಕ್ಯಾನ್ಸರಿಗೆ. ಸುಬ್ಬರಾವ್ ೧೯೪೮ರಲ್ಲಿಯೇ ತೀರಿಕೊಂಡರು. ಸಂಧಿವಾತಕ್ಕೆ ಸಣ್ಣ ಪ್ರಮಾಣದಲ್ಲಿ ಕೊಡಲು ಅಮೆರಿಕ ಸರಕಾರ ಅನುಮತಿ ಕೊಟ್ಟದ್ದು ೧೯೮೮ರಲ್ಲಿ. ಪೊಟ್ಟಣದ ಮೇಲೆಯೋ ಮೊಬೈಲಿನಲ್ಲಿಯೋ ಕ್ಯಾನ್ಸರಿನ ಔಷಧವೆಂದು ಓದಿ ಗಾಬರಿಯಾಗುವವರಿಗಾಗಿ ಇದನ್ನು ಬರೆದೆ. ಸಂಧಿವಾತಕ್ಕೆ ಕೊಡುವ ಪ್ರಮಾಣ ಬಹಳ ಕಡಮೆ.

ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ದಿನಾಲು ಅಲ್ಲ. ದಿನಾಲು ನುಂಗಿ ಬಾಯಲ್ಲಿ ಹುಣ್ಣೆದ್ದು, ರಕ್ತದ ಕಣಗಳು ಕುಸಿದು ಸತ್ತವರುಂಟು. ಚೀಟಿಯ ಮೇಲೆ ವಾರದ ಹೆಸರನ್ನು ಅಕ್ಷರದಲ್ಲಿ ಬರೆಸಿಕೊಳ್ಳಬೇಕು. ಓದಲು ಬಾರದ ತಂದೆತಾಯಿಗಳಿದ್ದರೆ ಆ ಗುಳಿಗೆಯನ್ನು ಬೇರೆ ಡಬ್ಬಿಯಲ್ಲಿ ಇಡಬೇಕು. ಫೋಲಿಕ್ ಆ್ಯಸಿಡ್ ಗುಳಿಗೆ ಬೇರೆ ದಿನ, ಡಾಕ್ಟರರು ಹೇಳಿದಂತೆ. ಶುರುವಿನಲ್ಲಿ ಕೆಲವು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತದ ಎಣಿಕೆ, ಯಕೃತ್ತು, ಮೂತ್ರಪಿಂಡ, ಈ ಪರೀಕ್ಷೆಗಳು ಆಗಲೇಬೇಕು. ದಾರು ಕುಡಿಯಕೂಡದು. ಗರ್ಭಿಣಿಯರಿಗೆ ಇದು ಸಲ್ಲದು, ಮಕ್ಕಳಾಗಬೇಕೆಂದಿರುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರರಿಗೆ ಹೇಳಬೇಕು. ಫಲ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ನಾಲ್ಕನೆಯ ವಾರಕ್ಕೆ "ಇದರಿಂದ ಏನೂ ಆಗಲಿಲ್ಲ" ಎಂದು ಬಿಡುವವರೇ ಹೆಚ್ಚು. ಆ ನಡುವಿನ ವಾರಗಳಿಗೆ ಸ್ಟೆರಾಯ್ಡ್ ಗುಳಿಗೆಯನ್ನು ಸ್ವಲ್ಪ ದಿನ ಕೊಡುತ್ತಾರೆ. ಅದನ್ನು ತಾನಾಗಿ ಮುಂದುವರಿಸುವುದೂ ತಪ್ಪು, ಒಮ್ಮೆಲೆ ನಿಲ್ಲಿಸುವುದೂ ತಪ್ಪು. ಊರ ಕಡೆಯಿಂದ ತರಿಸುವ "ಮೂರೇ ದಿನದಲ್ಲಿ ಗುಣ" ಎಂಬ ಹೆಸರಿಲ್ಲದ ಪುಡಿಗಳಲ್ಲಿ ಇದೇ ಸ್ಟೆರಾಯ್ಡನ್ನು ಬೆರೆಸಿರುವುದುಂಟು, ಮೂರು ದಿನದಲ್ಲಿ ಗುಣವಾಗುವುದು ಅದರಿಂದಲೇ.

ತಜ್ಞರಿಗೆ ನಾವು ಒಂದು ಮಾತನ್ನು ಮುಚ್ಚದೆ ಹೇಳಿದೆವು: ಫೆಬ್ರವರಿಗೆ ಕಾರ್ಡು ಮುಗಿಯುತ್ತದೆ, ಆಮೇಲೆ ಕೈಯಿಂದ ಕೊಳ್ಳಬೇಕು. ಅವರು ಆ ಲೆಕ್ಕ ಹಿಡಿದೇ ಔಷಧ ಬರೆದರು. ಮೆಥೋಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್, ಇವು ಹಳೆಯ ಔಷಧಗಳು, ಜೆನೆರಿಕ್ ಸಿಗುತ್ತವೆ. ಮೆಥೋಟ್ರೆಕ್ಸೇಟಿನ ವಾರದ ಗುಳಿಗೆಗೆ ಒಂದು ಸಾದಾ ಊಟದಷ್ಟೂ ಬೀಳುವುದಿಲ್ಲ. ಜನ ಔಷಧಿ ಕೇಂದ್ರದಲ್ಲಿ ಕೇಳಿ ನೋಡಬೇಕು. ಹೊಸ ಚುಚ್ಚುಮದ್ದುಗಳ ಮಾತು ಬೇರೆ, ಅವು ಸಾವಿರಗಟ್ಟಲೆ. ಬಹಳ ಮಂದಿಗೆ ಅವು ಬೇಕಾಗುವುದಿಲ್ಲ, ಹಳೆಯ ಔಷಧ ಬೇಗ ಹಿಡಿದರೆ.

ಖರ್ಚಿನ ಪರೀಕ್ಷೆಗಳನ್ನೆಲ್ಲ ಕಾರ್ಡು ಇರುವಾಗಲೇ ಮುಗಿಸಿದೆವು. ಎರಡೂ ಕೈ ಎರಡೂ ಪಾದಗಳ ಎಕ್ಸ್‌ರೇ, ಮುಂದೆ ಹೋಲಿಸಿ ನೋಡಲು. ಎದೆಯ ಎಕ್ಸ್‌ರೇ. ಹೆಪಟೈಟಿಸ್ ಬಿ, ಸಿ ಪರೀಕ್ಷೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಕಣ್ಣಿಗೆ ತಾಗಬಹುದಾದ್ದರಿಂದ ಕಣ್ಣಿನ ಪರೀಕ್ಷೆ. ಪ್ರತಿಯೊಂದರ ನಕಲನ್ನೂ ತಾರೀಖಿನ ಕ್ರಮದಲ್ಲಿ ಒಂದು ಕಡತದಲ್ಲಿ ಹಾಕಿದೆ, ಮೇಲೆ ಒಂದು ಹಾಳೆಯಲ್ಲಿ ಔಷಧದ ಹೆಸರು, ಪ್ರಮಾಣ, ಶುರುಮಾಡಿದ ದಿನ. ಹೊಸ ಆಸ್ಪತ್ರೆಗೆ ಹೋದಾಗ ಮೊದಲಿಂದ ಮತ್ತೆ ಎಲ್ಲ ಪರೀಕ್ಷೆ ಮಾಡಿಸುವುದು ಇದರಿಂದ ತಪ್ಪುತ್ತದೆ.

ಕಾರ್ಡು ಹೋದಮೇಲೆ ಎಲ್ಲಿ? ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಸಾಯನ್ನಿನ ಲೋಕಮಾನ್ಯ ಟಿಳಕ ಆಸ್ಪತ್ರೆ ನಗರಪಾಲಿಕೆಯವು, ಜೆ.ಜೆ. ಸರಕಾರದ್ದು. ಹೊರರೋಗಿಗಳ ಕೇಸ್ ಪೇಪರ್ ಮಾಡಿಸಿ, ಸಂಧಿವಾತದವರನ್ನು ಯಾವ ವಾರ ನೋಡುತ್ತಾರೆಂದು ಕೇಳಿಕೊಳ್ಳಬೇಕು. ಬೇರೆ ಊರುಗಳಲ್ಲಿ ನಮ್ಮ ಬಂಧುಗಳಿದ್ದರೆ ಚೆನ್ನೈಯ ಸರಕಾರಿ ಜನರಲ್ ಆಸ್ಪತ್ರೆ, ಹೈದರಾಬಾದಿನ ನಿಮ್ಸ್, ದಿಲ್ಲಿಯ ಏಮ್ಸ್, ಇಲ್ಲೆಲ್ಲ ಈ ರೋಗಕ್ಕೆಂದೇ ವಿಭಾಗವಿದೆ. ಕಾರ್ಡು ಮುಗಿಯುವ ಒಂದು ತಿಂಗಳು ಮೊದಲೇ ಹೊಸ ಕಡೆ ಒಮ್ಮೆ ತೋರಿಸಿ ಬರಬೇಕು, ಔಷಧ ಒಂದು ವಾರವೂ ತಪ್ಪದಂತೆ. ೨೦೧೮ರಲ್ಲಿ ಶುರುವಾದ ಆಯುಷ್ಮಾನ್ ಭಾರತದ ಕಾರ್ಡು ಕೆಲವರ ಮನೆಯಲ್ಲಿದೆ. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಎಂದು ಕೇಳಿ ಹುಡುಗನ ತಂದೆ ಹಿಗ್ಗಿದ್ದರು. ಅದು ಆಸ್ಪತ್ರೆಯಲ್ಲಿ ಸೇರಿದ್ದಕ್ಕೆ, ಹೊರಗಿನಿಂದ ತೋರಿಸಿ ಹೋಗುವ ಔಷಧಕ್ಕಲ್ಲ. ಕಾರ್ಡು ಇಟ್ಟುಕೊಂಡಿರಲಿ, ಅದನ್ನು ನಂಬಿ ಕೂರಬಾರದು.

ಇನ್ನೊಂದು ದಾರಿ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಹುಡುಗ ಪರೀಕ್ಷೆ ಮುಗಿಸಿ ಇ.ಎಸ್.ಐ. ಇರುವ ಕಡೆ ಕೆಲಸಕ್ಕೆ ಸೇರಿದರೆ, ಸಂಬಳ ಮಿತಿಯೊಳಗಿದ್ದರೆ, ಅವನೇ ವಿಮಾದಾರನಾಗುತ್ತಾನೆ. ಸೇರಿದ ದಿನದಿಂದ ಔಷಧೋಪಚಾರ ಉಂಟು, ಹಳೆಯ ರೋಗವೆಂದು ಇಲ್ಲಿ ಯಾರೂ ತಳ್ಳುವುದಿಲ್ಲ. ೨೦೧೭ರ ಜನವರಿಯಿಂದ ಆ ಸಂಬಳದ ಮಿತಿ ತಿಂಗಳಿಗೆ ೨೧,೦೦೦ ಎಂದು ಇಟ್ಟರು. ಸೇರುವ ಹೊತ್ತಿಗೆ ಎಷ್ಟಿದೆಯೆಂದು ಹಾಜರಿ ಖಾತೆಯಲ್ಲಿ ಕೇಳಿಕೊಳ್ಳಬೇಕು. ಎರಡು ಸಾವಿರ ಹೆಚ್ಚು ಕೊಡುತ್ತೇನೆ, ಪಗಾರ ಕೈಯಲ್ಲಿ, ಹೆಸರು ರಜಿಸ್ಟರಿನಲ್ಲಿಲ್ಲ ಎನ್ನುವ ಅಂಗಡಿಗಿಂತ ಈ ಕೆಲಸ ಅವನಿಗೆ ಲಾಭ. ಅಪ್ರೆಂಟಿಸ್ ಕಾಯಿದೆಯ ಕೆಳಗೆ ಸೇರಿದವರಿಗೆ ಮಾತ್ರ ಈ ಕಾರ್ಡು ಬರುವುದಿಲ್ಲ, ಸೇರುವಾಗ ಕೇಳಿ ನೋಡಬೇಕು.

ಓದಿನ ಮಾತು ಸಣ್ಣದು. ಬೆಳಗಿನ ಪರೀಕ್ಷೆಗೆ ಹುಡುಗ ಎರಡು ಗಂಟೆ ಮುಂಚೆ ಏಳುತ್ತಾನೆ, ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಆಡಿಸುತ್ತಾನೆ, ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದಾನೆ. ಹೆಚ್ಚು ವೇಳೆ ಬೇಕಾದರೆ ಡಾಕ್ಟರರ ಪತ್ರದೊಡನೆ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಮೊದಲೇ ಅರ್ಜಿ ಕೊಡಬೇಕು, ಪರೀಕ್ಷೆಯ ಹಿಂದಿನ ದಿನ ಹೋದರೆ ಯಾರೂ ಕೇಳುವುದಿಲ್ಲ.

ಫೆಬ್ರವರಿ ಬಂದು ಹೋಯಿತು. ಬಿಗಿತ ಈಗ ಇಪ್ಪತ್ತು ನಿಮಿಷಕ್ಕೆ ಇಳಿದಿದೆ, ಎಡಗೈಯ ಒಂದು ಗೆಣ್ಣು ಇನ್ನೂ ಊದಿದೆ. ರವಿವಾರ ಅವನ ಗುಳಿಗೆಯ ದಿನ. ಅದನ್ನು ನುಂಗಿ ವಾಚನಾಲಯಕ್ಕೆ ಬಂದು ತಾನೇ ಬೀಗ ತೆಗೆಯುತ್ತಾನೆ. ಆ ಕಡತವನ್ನು ಇಲ್ಲಿಯ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದಾನೆ, ಅವರ ಖೋಲಿ ಮಳೆಗೆ ಸೋರುತ್ತದೆ. ಇಂಥದೇ ಕಡತ ಮಾಡಿಕೊಳ್ಳಬೇಕೆಂದಿರುವವರು ರವಿವಾರ ಹತ್ತರಿಂದ ಹನ್ನೆರಡರ ತನಕ ಬಂದರೆ ನಾನು ಇರುತ್ತೇನೆ. ಕಾರ್ಡು, ಹಳೆಯ ಚೀಟಿಗಳು, ಹುಟ್ಟಿದ ತಾರೀಖಿನ ದಾಖಲೆ, ಮೂರನ್ನೂ ತರಬೇಕು. ಗ್ರಾಚ್ಯುಟಿಯ ಲೆಕ್ಕ ಮುಂದಿನ ಸಂಚಿಕೆಯಲ್ಲಿ.